ಒಂದು ಗೇಣು ಕೋಲು

ಗುರುವಾರ ಸಂಜೆ ಊರಿನಿಂದ ಎಶಿಮ್ ಬೈಕೆಯ ಫೋನ್ ಬಂತು. ಬೈಕೆ ಎಂದರೆ ನಮ್ಮಲ್ಲಿ ಅಣ್ಣ.

"ಸಾಗಿನ್, ಅವ್ವಂಗೆ ಒಂಚೂರು ಹುಷಾರಿಲ್ಲ ಕಣೋ. ಗಾಬರಿ ಆಗೋ ಅಂಥದ್ದೇನಿಲ್ಲ. ನಾಳೆ ಮಧ್ಯಾಹ್ನದ ನಮಾಜಿನೊಳಗೆ ಬಂದ್ಬಿಡು," ಎಂದ.

ಹುಷಾರಿಲ್ಲದವರನ್ನು ನೋಡಲು ಬರುವವನಿಗೆ ಯಾರೂ ಗಡುವು ಕೊಡುವುದಿಲ್ಲ. ಬೈಕೆಗೆ ಯಾವತ್ತೂ ಸುಳ್ಳು ಹೇಳಲು ಬರುವುದಿಲ್ಲ. ಚಿಕ್ಕವರಿದ್ದಾಗ ಇಬ್ಬರೂ ಸೇರಿ ಮಾಡಿದ ಕಿತಾಪತಿಗೆ ಅವನ ಮುಖ ನೋಡಿಯೇ ಅವ್ವ ನನಗೂ ಬಾರಿಸುತ್ತಿದ್ದಳು.

ನಮ್ಮ ನಾರಿನ್ ಬೆಟ್ಟಸೀಮೆಯ ಕಡೆ ಸಾವಿನ ಸುದ್ದಿಯನ್ನು ದೂರದಲ್ಲಿರುವವನಿಗೆ ನೇರವಾಗಿ ಹೇಳುವುದಿಲ್ಲ. ಅವನು ಊರ ಬಾಗಿಲಿಗೆ ಬಂದ ಮೇಲೆ ಹಿರಿಯರೊಬ್ಬರು ಎದುರು ಹೋಗಿ, ಸುತ್ತಿ ಬಳಸಿ ಹೇಳುತ್ತಾರೆ. ಅಲ್ಲಿಯವರೆಗೆ ಸತ್ತವರಿಗೆ ಬರೀ ಹುಷಾರಿಲ್ಲ. ನಾನೇ ಮೂವರನ್ನು ಹೀಗೆ ಸುಳ್ಳು ಹೇಳಿ ಊರಿಗೆ ಕರೆದುಕೊಂಡು ಹೋಗಿದ್ದೇನೆ. ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎಲ್ಲರೂ ಕಣ್ಣು ಮುಚ್ಚಿಕೊಂಡಿರುತ್ತೇವೆ.

ಆಮೇಲೆ ಬೈಕೆ ನನ್ನ ಹೆಂಡತಿ ಬುರುಲ್‌ಗೆ ಬೇರೆಯಾಗಿ ಫೋನ್ ಮಾಡಿದ. ಅವಳು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಮಾತಾಡಿದಳು. ಹೊರಗೆ ಬಂದಾಗ ಅವಳ ಕಣ್ಣು ಊದಿತ್ತು. ಚೀಲದ ತಳದಲ್ಲಿ ಕಪ್ಪು ತಲೆವಸ್ತ್ರ ಇಟ್ಟು, ಮೇಲೆ ರೊಟ್ಟಿ ಜೋಡಿಸಿದಳು. ನಾನು ನೋಡಿದೆ. ನೋಡಿಲ್ಲ ಎಂಬಂತೆ ಟೀ ಕುಡಿದೆ.

ನನಗೆ ಏನೂ ಆಗಲಿಲ್ಲ. ಇದನ್ನು ಬಡಾಯಿಗೆ ಹೇಳುತ್ತಿಲ್ಲ, ಅದೇ ನನ್ನ ಕಷ್ಟವಾಗಿತ್ತು. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯ ಹಾಗೆ ಎದೆಯೆಲ್ಲ ಮರಗಟ್ಟಿತ್ತು. ನಮ್ಮಲ್ಲಿ ಹೆತ್ತವರು ಹೋದಾಗ ಗಂಡುಮಕ್ಕಳು, ಹೆಣ ಇರಿಸಲು ಅಂಗಳದಲ್ಲಿ ಹಾಕಿದ ಉಣ್ಣೆಗುಡಾರದ ಹೊರಗೆ, ಸೊಂಟಕ್ಕೆ ಬಟ್ಟೆ ಬಿಗಿದು, ಕೋಲಿಗೆ ಒರಗಿ ನಿಂತು ಊರಿಗೆಲ್ಲ ಕೇಳುವಂತೆ ಗೋಳಿಡಬೇಕು. ದೂರದಿಂದ ಬಂದ ಮಗನ ದನಿಗೆ ಊರೆಲ್ಲ ಕಿವಿ ಕೊಟ್ಟಿರುತ್ತದೆ. ನಮ್ಮ ಬೀದಿಯ ಒಬ್ಬ ಮಾಸ್ಕೋದಿಂದ ಬಂದು ಅಪ್ಪನ ಅಂಗಳದಲ್ಲಿ ಸುಮ್ಮನೆ ನಿಂತುಬಿಟ್ಟ. ಹನ್ನೊಂದು ವರ್ಷವಾಯಿತು, ಈಗಲೂ ಅವನನ್ನು ಮೂಗ ಎಂದೇ ಕರೆಯುತ್ತಾರೆ. ನಾನೂ ಹಾಗೇ ಕರೆದು ನಕ್ಕಿದ್ದೇನೆ. ಈಗ ನನ್ನ ಸರದಿ, ಗಂಟಲಲ್ಲಿ ಏನೂ ಇರಲಿಲ್ಲ.

ಬೆಳಕು ಹರಿಯುತ್ತಲೇ ನಾವಿರುವ ರಾಜಧಾನಿ ಬಿಶ್ಕೆಕ್‌ನಿಂದ ಕಾರಿನಲ್ಲಿ ಹೊರಟೆವು. ಡಿಕ್ಕಿಯಲ್ಲಿ ಹಿಟ್ಟಿನ ಮೂಟೆ, ನನ್ನ ಉಪಕರಣದ ಪೆಟ್ಟಿಗೆ, ಅದರ ಹಿಂದೆ ಪ್ಲಾಸ್ಟಿಕ್ ಸುತ್ತಿದ ಒಂದು ಊರುಗೋಲು. ಏಪ್ರಿಲ್‌ನಲ್ಲಿ ಅವ್ವನಿಗಾಗಿ ಕೊಂಡದ್ದು. ಅಲ್ಯೂಮಿನಿಯಂ ಕೊಳವೆ, ತುದಿಗೆ ರಬ್ಬರ್ ಟೋಪಿ. ಅಂಗಡಿಯಲ್ಲೇ ಅವಳ ಎತ್ತರಕ್ಕೆ ಕತ್ತರಿಸಿ ಕೊಟ್ಟಿದ್ದರು. ಈ ವಾರ ಹೋಗೋಣ, ಮುಂದಿನ ವಾರ ಹೋಗೋಣ ಎನ್ನುತ್ತ ಅಕ್ಟೋಬರ್ ಕಳೆದಿತ್ತು. ಫೋನ್ ಮಾಡಿದಾಗಲೆಲ್ಲ ಅವ್ವ, "ಕೋಲು ಎಲ್ಲಿಗೆ ಬಂತಪ್ಪಾ? ನೀನು ತರೋದ್ರೊಳಗೆ ನಾನೇ ಸಸಿ ನೆಟ್ಟು, ಮರ ಬೆಳೆಸಿ, ಕೋಲು ಕಡ್ಕೊಂತೀನಿ ಬಿಡು," ಎಂದು ಚುಚ್ಚುತ್ತಿದ್ದಳು.

ಕೊಚ್ಕೋರ್ ಪೇಟೆ ದಾಟಿ ದೊಲೊನ್ ಘಾಟಿಯ ಏರು ಶುರುವಾದಾಗ ಬಿಸಿ ತೋರಿಸುವ ಮುಳ್ಳು ಮೇಲೆ ಹತ್ತತೊಡಗಿತು. ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿದೆ. ಒಂಬತ್ತೂವರೆ ಗಂಟೆ. ಊರಿಗೆ ಇನ್ನೂ ಎರಡು ತಾಸಿನ ದಾರಿ.

ನಾನು ಮೆಕ್ಯಾನಿಕ್. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಬಾನೆಟ್ ಎತ್ತಿ, ಬಿಸಿ ಇಳಿಯಲು ಬಿಟ್ಟೆ. ಕುದಿಯುವಾಗಲೇ ಮುಚ್ಚಳ ತಿರುಗಿಸಿ ಮುಖ ಸುಟ್ಟುಕೊಂಡ ಜಾಣರನ್ನು ಬೇಕಾದಷ್ಟು ಕಂಡಿದ್ದೇನೆ. ಆರಿದ ಮೇಲೆ ನೋಡಿದರೆ ಎಂಜಿನ್ ತಣಿಸುವ ಕೂಲಂಟ್ ನೀರಿನ ಡಬ್ಬಿ ಖಾಲಿ. ರೇಡಿಯೇಟರ್ ಒಣಗಿತ್ತು. ವಾಟರ್ ಪಂಪ್ ಕೆಳಗೆ ಬೆರಳಾಡಿಸಿದೆ, ಪಸೆಯಿಲ್ಲ. ಹೋಸ್ ಪೈಪುಗಳನ್ನು ಒಂದೊಂದಾಗಿ ಹಿಂಡಿ ನೋಡಿದೆ. ಗಾಡಿಯ ಅಡಿ ಮಲಗಿ ನೋಡಿದೆ, ನೆಲದ ಮೇಲೆ ಒಂದು ಹನಿಯೂ ಇರಲಿಲ್ಲ. ಹಾಗಾದರೆ ಎಂಜಿನ್ನೇ ನೀರು ಕುಡಿಯುತ್ತಿರಬೇಕೆಂದು ಆಯಿಲ್ ಕಡ್ಡಿ ಎಳೆದೆ. ಎಣ್ಣೆ ಶುದ್ಧವಾಗಿತ್ತು, ಹಾಲು ಬೆರೆಸಿದಂತೆ ಬಿಳುಚಿಕೊಂಡಿರಲಿಲ್ಲ. ಏರಿನಲ್ಲಿ ಬಿಳಿ ಹೊಗೆಯೂ ಬಂದಿರಲಿಲ್ಲ.

ಐದು ಲೀಟರ್ ನೀರು ಎಲ್ಲಿಗೆ ಹೋಯಿತು? ನಿಜ ಹೇಳುತ್ತೇನೆ, ಆ ಅರ್ಧ ಗಂಟೆ ನನಗೆ ಹಿತವಾಗಿತ್ತು. ಹುಡುಕಲು ಒಂದು ಕೆಲಸವಿತ್ತು.

ಕೈ ಒರೆಸಿಕೊಂಡು ಒಳಗೆ ಬಂದು ಕೂತೆ. ಆಗ ಮೂಗಿಗೆ ಕೂಲಂಟಿನ ಸಿಹಿ ವಾಸನೆ ಬಡಿಯಿತು. ಮುಂದಿನ ಗಾಜಿನ ಮೇಲೆ ಬೆರಳೆಳೆದೆ, ಜಿಡ್ಡು. ಬುರುಲ್ ಕಾಲುಗಳನ್ನು ಸೀಟಿನಡಿ ಸರಿಸಿಕೊಂಡಳು.

"ಕಾಲು ತೋರ್ಸು."

"ಏನೂ ಆಗಿಲ್ಲ ರೀ."

"ತೋರ್ಸು ಅಂದೆ."

ಕಾಲುಚೀಲ ಹಿಮ್ಮಡಿಯ ಮೇಲಿನವರೆಗೆ ಹಸಿರು ನೀರಿನಲ್ಲಿ ತೊಯ್ದಿತ್ತು. ಅವಳ ಕಾಲಡಿಯ ಚಾಪೆ ಹಿಂಡಿದರೆ ಚೊಂಬು ತುಂಬುತ್ತಿತ್ತು. ಹೀಟರ್ ಒಳಗೆ ಒಡೆದಿತ್ತು. ಎಂಜಿನ್ನಿನ ಬಿಸಿನೀರು ಅದರೊಳಗೆ ಸುತ್ತಿ ಬರುವಾಗ ಹನಿಹನಿಯಾಗಿ ಇವಳ ಪಾದದ ಮೇಲೆ ಸುರಿದಿತ್ತು.

"ಎಷ್ಟು ಹೊತ್ತಿಂದ?"

"ಕೆರೆ ದಾಟಿದಾಗಿಂದ... ಬೆಚ್ಚಗಿತ್ತು, ಸುಡ್ಲಿಲ್ಲ."

"ಒಂದೂವರೆ ಗಂಟೆ! ಗಾಡಿಯ ಜೀವ ನಿನ್ನ ಕಾಲಡಿ ಸುರೀತಿದೆ, ಹೇಳೋದಲ್ವಾ? ಬಾಯಿ ಸತ್ತಿತ್ತಾ ನಿಂಗೆ?"

ಸಾವೆಂಬ ಮಾತು ಹಿಂದಿನ ಸಂಜೆಯಿಂದ ನಮ್ಮಿಬ್ಬರ ಬಾಯಲ್ಲೂ ಬಂದಿರಲಿಲ್ಲ. ಬೈಗುಳದ ನಡುವೆ ತಾನೇ ಜಾರಿ ಬಿತ್ತು. ಬುರುಲ್ ನನ್ನ ಮುಖ ನೋಡಲಿಲ್ಲ.

"ಬಾಯಿ ಬಿಟ್ರೆ ಬೇರೆ ಏನಾದ್ರೂ ಬಂದ್ಬಿಡುತ್ತೇನೋ ಅಂತ..." ಎಂದು ಅರ್ಧಕ್ಕೆ ನಿಲ್ಲಿಸಿದಳು.

ನಾನು ಕೆಳಗಿಳಿದು ಹೋದೆ. ಬೈದದ್ದಕ್ಕೆ ನಾಚಿಕೆಯಾಗಬೇಕಿತ್ತು. ಅದೂ ಆಗಲಿಲ್ಲ.

ಹೀಟರ್ ಬಿಚ್ಚಲು ಇಡೀ ದಿನ ಬೇಕು. ದಾರಿಯ ಮದ್ದು ಒಂದೇ: ಹೀಟರಿಗೆ ಹೋಗುವ ಪೈಪು, ಅಲ್ಲಿಂದ ಬರುವ ಪೈಪು, ಎರಡನ್ನೂ ಕಳಚಿ ಒಂದಕ್ಕೊಂದು ಸೇರಿಸಿಬಿಡುವುದು. ಕಳಚಿದೆ. ಎರಡೂ ತುದಿ ಮುಟ್ಟಲಿಲ್ಲ, ನಡುವೆ ನಾಲ್ಕು ಬೆರಳಿನ ಅಂತರ ಉಳಿಯಿತು. ಎರಡೂ ಬಾಯಿಗೆ ತೂರಿಸಲು ಒಂದು ಗೇಣುದ್ದದ ಕೊಳವೆ ಬೇಕಿತ್ತು. ಪೆಟ್ಟಿಗೆಯನ್ನೆಲ್ಲ ನೆಲಕ್ಕೆ ಸುರಿದರೂ ಅಂಥದ್ದು ಸಿಗಲಿಲ್ಲ.

ಅಷ್ಟರಲ್ಲಿ ಎದುರಿನಿಂದ ಇಳಿದು ಬಂದ ಕಲ್ಲಿದ್ದಲ ಲಾರಿಯೊಂದು ಪಕ್ಕಕ್ಕೆ ನಿಂತಿತು. ಅರವತ್ತರ ಆಸುಪಾಸಿನ ಡ್ರೈವರ್ ಇಳಿದ. ಮುಖದಲ್ಲಿ ಹಲ್ಲು, ಕಣ್ಣು ಬಿಟ್ಟು ಉಳಿದದ್ದೆಲ್ಲ ಕಪ್ಪು.

"ಏನು ತಮ್ಮಾ, ಗಾಡಿ ಮುನಿಸೋ, ಹೆಂಡ್ತಿ ಮುನಿಸೋ? ಇಬ್ಬರೂ ದೂರ ದೂರ ಇದ್ದೀರಲ್ಲ!"

"ಹೀಟರ್ ಒಡ್ದಿದೆ."

"ಎರಡೂ ಪೈಪ್ ಸೇರಿಸಿ ಕಟ್ಟಿಬಿಡು. ಗೊತ್ತಾಗದಿದ್ರೆ ನಾನು ತೋರಿಸ್ತೀನಿ."

"ನಾನು ಮೆಕ್ಯಾನಿಕ್ಕೇ!" ಎಂದು ಸಿಡುಕಿದೆ.

"ಅಯ್ಯೋ ದೇವ್ರೇ! ಮೆಕ್ಯಾನಿಕ್ ಗಾಡಿಯೇ ಹಿಂಗಾದ್ರೆ ನಮ್ಮಂಥವರ ಪಾಡೇನು?" ಎಂದು ನಕ್ಕು, ತನ್ನ ಲಾರಿಯಿಂದ ಎರಡು ಕ್ಯಾನ್ ನೀರು ತಂದಿಟ್ಟ. ಅವನ ಬಳಿಯೂ ಕೊಳವೆ ಇರಲಿಲ್ಲ. "ಹತ್ತು, ಕೊಚ್ಕೋರ್ ಬಜಾರಿಗೆ ಬಿಡ್ತೀನಿ. ಪೈಪ್ ತಗೊಂಡು ಯಾವ್ದಾದ್ರೂ ಗಾಡೀಲಿ ವಾಪಸ್ ಬಾ. ಮೂರು ಗಂಟೆ ಆಗುತ್ತೆ, ಅಷ್ಟೇ."

ಮೂರು ಗಂಟೆ. ಹೊರಡುವಾಗ ಒಂದು ದಾಟಿರುತ್ತದೆ. ನಾನು ತಲುಪುವಷ್ಟರಲ್ಲಿ ನಮಾಜು ಮುಗಿದು ಅವ್ವನ ಮಣ್ಣಾಗಿರುತ್ತದೆ. ಗಾಡಿ ಕೆಟ್ಟಿತ್ತು ಎಂದರೆ ಯಾರೂ ಬೈಯುವಂತಿರಲಿಲ್ಲ. ಆ ಅಂಗಳದಲ್ಲಿ ಎಲ್ಲರ ಕಿವಿಯ ಮುಂದೆ ಬಾಯಿ ತೆರೆಯುವ ಕೆಲಸವೂ ತಪ್ಪುತ್ತಿತ್ತು. ಸಂಜೆಯವರೆಗೆ ಅವ್ವನಿಗೆ ಬರೀ ಹುಷಾರಿಲ್ಲ. ಲಾರಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ.

"ಎಲ್ಲಿಗೆ ಹೊರಟಿದ್ರಿ?" ಎಂದ ಮುದುಕ.

"ಊರಿಗೆ. ಅವ್ವಂಗೆ ಸ್ವಲ್ಪ ಹುಷಾರಿಲ್ಲ. ಮಧ್ಯಾಹ್ನದ ನಮಾಜಿನೊಳಗೆ ಬಾ ಅಂದಿದ್ದಾರೆ."

ಅವನ ನಗು ನಿಂತಿತು. ಸತ್ತವರ ಪ್ರಾರ್ಥನೆಗೆಂದು ಎರಡೂ ಅಂಗೈ ಮುಖದ ಕಡೆ ಎದ್ದವು. ಅರ್ಧದಲ್ಲಿ ನೆನಪಾಗಿ ಗಡ್ಡ ಕೆರೆದುಕೊಂಡ.

"ಹಂಗಾದ್ರೆ ಕೊಚ್ಕೋರ್ ಬೇಡ ತಮ್ಮಾ," ಎಂದ ನೆಲ ನೋಡುತ್ತ. "ಏನಾದ್ರೂ ಮಾಡಿ ಇವಾಗ್ಲೇ ಹೋಗು. ಅವರಿಗೆ... ಬೇಗ ಹುಷಾರಾಗ್ಲಿ."

ದಾರಿಹೋಕನೂ ಕಣ್ಣು ಮುಚ್ಚಿಕೊಂಡ. ಕಲ್ಲಿದ್ದಲ ಮಸಿ ಮೆತ್ತಿದ ಅವನ ಮುಖ ನನಗಾಗಿ ಸುಳ್ಳು ಹೇಳಲು ಒದ್ದಾಡುವುದನ್ನು ನೋಡಿ ನನಗೆ ಸಾಕಾಯಿತು. ಕಾಲು ಕೆಳಗಿಳಿಸಿದೆ.

"ಬುರುಲ್, ಡಿಕ್ಕೀಲಿರೋ ಕೋಲು ತಗೊಂಡು ಬಾ."

"ಯಾವ ಕೋಲು?"

"ಇನ್ಯಾವ ಕೋಲಿದೆ? ಅವ್ವಂದು."

ಅವಳು ಒದ್ದೆ ಕಾಲಲ್ಲೇ ಇಳಿದು ಬಂದಳು. ಬಿಚ್ಚಿಟ್ಟ ಪೈಪುಗಳನ್ನೂ ನನ್ನ ಕೈಯಲ್ಲಿದ್ದ ಗರಗಸದ ಬ್ಲೇಡನ್ನೂ ನೋಡಿದಳು. "ಅದು ಬೇಡ ರೀ. ಅದನ್ನ ಕತ್ತರಿಸಿದ್ರೆ ಅವ್ವಂಗೆ..."

"ಬುರುಲ್," ಎಂದೆ. "ಅವ್ವಂಗೆ ಇನ್ನು ಕೋಲು ಬೇಡ."

ಹಿರಿಯರು ಸುತ್ತಿ ಬಳಸಿ ಹೇಳಬೇಕಾದ್ದನ್ನು ನನಗೆ ನಾನೇ ಹೇಳಿಕೊಂಡೆ. ಬುರುಲ್ ರಸ್ತೆಬದಿಯ ಕಲ್ಲಿನ ಮೇಲೆ ಕುಸಿದು, ಹಿಂದಿನ ಸಂಜೆಯಿಂದ ತಡೆದಿಟ್ಟಿದ್ದನ್ನೆಲ್ಲ ಅತ್ತಳು. ಅತ್ತೆಗಾಗಿ ಸೊಸೆ ಅಷ್ಟು ಅಳುವುದನ್ನು ನಾನು ಕಂಡಿರಲಿಲ್ಲ. ನಾನೇ ಹೋಗಿ ಕೋಲು ತಂದೆ.

ಮುದುಕ ಅದರ ಹಿಡಿಕೆಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡ. ರಬ್ಬರ್ ಟೋಪಿ ಕಿತ್ತು, ತುದಿಯಿಂದ ಒಂದು ಗೇಣು ಅಳೆದು ಕೊಯ್ದೆ. ಬೆಳ್ಳಗಿನ ಪುಡಿ ಅವನ ಕಪ್ಪು ಬೂಟಿನ ಮೇಲೆ ಉದುರಿತು.

"ಮಣ್ಣು ರೇಷ್ಮೆಯಾಗಲಿ ತಾಯಿಗೆ," ಎಂದ. ಈ ಸಲ ಅಂಗೈಯಿಂದ ಮುಖ ಸವರಿಕೊಂಡ. ನಾನೂ ಸವರಿಕೊಂಡೆ.

ಕೊಯ್ದ ಅಂಚು ರಬ್ಬರನ್ನು ಸೀಳದ ಹಾಗೆ ಕಲ್ಲಿಗೆ ಉಜ್ಜಿ ನುಣುಪು ಮಾಡಿದೆ. ಎರಡೂ ಪೈಪುಗಳ ಬಾಯಿಗೆ ತೂರಿಸಿ ಕ್ಲಿಪ್ ಬಿಗಿದೆ. ಅಳತೆಗೆ ಮಾಡಿಸಿದ ಹಾಗೆ ಕೂತಿತು. ನೀರು ತುಂಬಿ, ಎಂಜಿನ್ ಚಾಲೂ ಮಾಡಿ, ಗಾಳಿಯ ಗುಳ್ಳೆಗಳೆಲ್ಲ ಹೋಗುವವರೆಗೆ ಮತ್ತೆ ಮತ್ತೆ ತುಂಬಿದೆ. ಮುಳ್ಳು ನಡುವಿಗೆ ಬಂದು ನಿಂತಿತು. ಒಂದು ಹನಿ ಸೋರಲಿಲ್ಲ. ಒಳ್ಳೆಯ ಕೆಲಸವಾಗಿತ್ತು ಅದು, ಗಿರಾಕಿಗೆ ಮಾಡಿದ್ದರೆ ಬೀಗುತ್ತಿದ್ದೆ.

ದೊಲೊನ್ ಮೇಲೆ ಹಿಮವಿತ್ತು. ಹೀಟರ್ ಇಲ್ಲದ ಗಾಡಿಯಲ್ಲಿ ನಮ್ಮ ಉಸಿರು ಹೊಗೆಯಾಗಿ ಕಾಣುತ್ತಿತ್ತು. ಬುರುಲ್ ನನ್ನ ಉಣ್ಣೆ ಕಾಲುಚೀಲ ತೊಟ್ಟು, ಕಪ್ಪು ವಸ್ತ್ರವನ್ನು ಈಗ ಬಹಿರಂಗವಾಗಿಯೇ ತಲೆಗೆ ಕಟ್ಟಿಕೊಂಡಿದ್ದಳು. ನಾನು ಮುಳ್ಳನ್ನೇ ನೋಡುತ್ತ ಓಡಿಸಿದೆ. ಎದೆ ಹಾಗೇ ಮರಗಟ್ಟಿತ್ತು.

ಊರ ಬಾಗಿಲಲ್ಲಿ ಸೋದರಮಾವ ಕಾದು ನಿಂತಿದ್ದ. ಗಾಡಿ ನಿಲ್ಲಿಸಿ ಇಳಿದೆ. "ಸಾಗಿನ್, ಎಷ್ಟು ಎತ್ತರದ ಮರವಾದರೂ ಒಂದು ದಿನ ಬೀಳ್ಲೇಬೇಕಪ್ಪಾ..." ಎಂದು ಶುರು ಮಾಡಿದ. ಎಷ್ಟು ಸಲ ಒಳಗೊಳಗೇ ಹೇಳಿ ನೋಡಿಕೊಂಡಿದ್ದನೋ, ತಡೆಯಲು ಮನಸ್ಸಾಗಲಿಲ್ಲ. ಕೊನೆಯವರೆಗೂ ಕೇಳಿದೆ. ಆಮೇಲೆ ಅವನೇ ನನ್ನ ಸೊಂಟಕ್ಕೆ ಬಟ್ಟೆ ಕಟ್ಟಿದ.

ಅಂಗಳ ತುಂಬ ಜನ. ಗುಡಾರದ ಹೊರಗೆ ಬೈಕೆ ಒಂದು ದೊಡ್ಡ ಕೋಲಿಗೆ ಒರಗಿ ನಿಂತಿದ್ದ, ನಿನ್ನೆಯಿಂದ ಗೋಳಿಟ್ಟು ಅವನ ದನಿ ಹೋಗಿತ್ತು. ನನ್ನನ್ನು ಕಂಡು ಎಲ್ಲರೂ ದಾರಿ ಬಿಟ್ಟರು. ಯಾರೋ, "ಇವನಿಗೊಂದು ಕೋಲು ತನ್ರೋ," ಎಂದರು.

"ನನ್ನ ಹತ್ರ ಇದೆ," ಎಂದು ಗಾಡಿಯಿಂದ ಉಳಿದ ಕೋಲು ತಂದೆ.

ಬೈಕೆಯ ಪಕ್ಕ ನಿಂತು ಅದನ್ನು ಊರಿದೆ. ಅವ್ವನ ಎತ್ತರದ ಕೋಲು, ಅದರಲ್ಲೂ ಒಂದು ಗೇಣು ಕಮ್ಮಿ. ಒರಗಬೇಕಾದರೆ ಬಾಗಬೇಕಿತ್ತು. ಬಾಗಿದೆ. ರಬ್ಬರ್ ಟೋಪಿಯಿಲ್ಲದ ಬಾಯಿ ಅವಳ ಅಂಗಳದ ಮಣ್ಣಿನೊಳಗೆ ಇನ್ನಷ್ಟು ಇಳಿಯಿತು, ನಾನು ಇನ್ನಷ್ಟು ಬಾಗಿದೆ. ನೆಲದಲ್ಲಿ ಜನರ ಬೂಟುಗಳು, ಗುಡಾರದ ಹೊಸ್ತಿಲು, ಹೊಸ್ತಿಲ ಪಕ್ಕ ಅವಳ ರಬ್ಬರ್ ಚಪ್ಪಲಿ ಕಂಡವು. ಪ್ರತಿ ಸಲ ಗಾಡಿಯ ಸದ್ದು ಕೇಳಿ ಅವಳು ಹೊರಗೆ ಬಂದು ನಿಲ್ಲುತ್ತಿದ್ದದ್ದು ಹೀಗೇ ಬೆನ್ನು ಬಾಗಿ, ಇಷ್ಟೇ ಎತ್ತರದಲ್ಲಿ.

ಬೆಟ್ಟದಂಥ ತಾಯಿ, ಬತ್ತದ ಒರತೆಯಂಥ ತಾಯಿ ಎಂದು ಗೋಳಿಡಲು ನಮ್ಮಲ್ಲಿ ನೂರು ಮಾತಿವೆ. ಒಂದೂ ಬರಲಿಲ್ಲ. ಗಂಟಲು ತಾನಾಗಿ ಬಿರಿಯಿತು.

"ಅವ್ವಾ, ಕೋಲು ತಂದಿದ್ದೀನಿ!" ಎಂದು ಕೂಗಿದೆ. "ಕೋಲು ತಂದಿದ್ದೀನಿ, ಅವ್ವಾ!"

ಊರಿಗೆಲ್ಲ ಕೇಳುವಂತೆ, ಅವಳನ್ನು ಹೆಗಲ ಮೇಲೆ ಹೊತ್ತು ಮಣ್ಣಿಗೆ ಹೊರಡುವವರೆಗೂ ಅದನ್ನೇ ಕೂಗಿದೆ.