ಭಾವನ ಕಾರಿಗೊಂದು ಟರ್ಬೊ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ ಬಿಡಿ. ಗ್ಯಾರೇಜು ನಡೆಸುವ ಹೆಂಗಸಿಗೆ ಸ್ಪ್ಯಾನರಿನಷ್ಟೇ ಅದೂ ಬೇಕು. ಇಲ್ಲದಿದ್ದರೆ ಬಂದವರೆಲ್ಲ "ಓನರ್ ಇಲ್ವಾ?" ಎಂದು ಕೇಳುತ್ತ ನನ್ನ ತಲೆಯ ಮೇಲಿಂದ ಒಳಗೆ ಇಣುಕುತ್ತಾರೆ. ನನ್ನ ಕೋಪಕ್ಕೆ ಕವಡೆ ಕಾಸಿನ ಕಿಮ್ಮತ್ತೂ ಕೊಡದವರು ಒಬ್ಬರೇ, ನಮ್ಮ ಅಕ್ಕನ ಗಂಡ. ಅವರು ನನ್ನನ್ನು ಕರೆಯುವುದೇ ಮೆಣಸಿನಕಾಯಿ ಎಂದು.

ಭಾವ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಊರಿನ ಅರ್ಧ ಜನಕ್ಕೆ ಅವರೇ ಗಾಡಿ ಕಲಿಸಿದ್ದು, ನನಗೂ ಅವರೇ. ಸ್ಕೂಲ್ ಕಾರಿನಲ್ಲಿ ಕಲಿಸುವವರ ಕಾಲಬುಡದಲ್ಲೂ ಒಂದು ಬ್ರೇಕ್ ಪೆಡಲ್ ಇರುತ್ತದೆ. ಕಲಿಯುವವರು ಗಾಬರಿಯಾಗಿ ಎಲ್ಲೋ ಒತ್ತಿದಾಗ ಎಲ್ಲರ ಜೀವ ಉಳಿಸುವುದು ಅದೇ. ಭಾವ ಜೀವಮಾನವೆಲ್ಲ ಪಕ್ಕದ ಸೀಟಿನಲ್ಲಿ ಕೂತು, ಬಲಗಾಲನ್ನು ಆ ಪೆಡಲಿನ ಹತ್ತಿರ ಸಿದ್ಧವಾಗಿಟ್ಟುಕೊಂಡು, "ಕಣ್ಣು ರಸ್ತೆ ಮೇಲಿರಲಿ, ಕಾಲು ನೋಡ್ಕೋಬೇಡ" ಎಂದು ಗದರಿಸುತ್ತಲೇ ಬಂದವರು. ತೆವಳುವ ಗಾಡಿಗಳಲ್ಲಿ ಕೂತು ಕೂತು ಬೇಸತ್ತಿದ್ದರು ಅನಿಸುತ್ತದೆ, ಐವತ್ತು ದಾಟಿದ ಮೇಲೆ ತಮಗಾಗಿ ಒಂದು ಸೆಡಾನ್ ತೆಗೆದುಕೊಂಡರು. ಬೂದು ಬಣ್ಣ, ನೋಡಲು ಗುಮಾಸ್ತರ ಕಾರಿನಷ್ಟು ಸಾಧು. ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಮಾತ್ರ ಬೆನ್ನು ಸೀಟಿಗೆ ಅಂಟುತ್ತಿತ್ತು. ಅಕ್ಕ ಅದನ್ನು ಸವತಿ ಎಂದೇ ಕರೆಯುತ್ತಾಳೆ, ಆದರೂ ಭಾನುವಾರ ತಾನೇ ಒರೆಸುತ್ತಾಳೆ.

ಆ ಕಾರು ಬೆಳಿಗ್ಗೆ ಬೆಳಿಗ್ಗೆಯೇ ನನ್ನ ಶೆಡ್ಡಿನೊಳಗೆ ಬಂದು ನಿಂತಿತು. ಭಾವ ಇಳಿದವರೇ ಬಾನೆಟ್ ತಟ್ಟಿದರು.

"ಮೆಣಸಿನಕಾಯಿ, ಇದು ಸೋಮಾರಿಯಾಗಿದೆ ಕಣೆ. ಪಿಕಪ್ಪೇ ಇಲ್ಲ. ಒತ್ತಿದ್ರೆ ಹೋಗ್ಲೋ ಬೇಡ್ವೋ ಅಂತ ಯೋಚನೆ ಮಾಡುತ್ತೆ. ದೊಡ್ಡ ಟರ್ಬೊ ಹಾಕ್ಬಿಡು."

"ಮೊದ್ಲು ಇರೋದನ್ನ ನೋಡ್ತೀನಿ ಭಾವ. ಬಂದ ತಕ್ಷಣ ಆಪರೇಷನ್ ಅಂದ್ರೆ ಹೆಂಗೆ?"

"ನೋಡು, ನೋಡು. ನೋಡೋಕೇ ತಾನೆ ನೀನಿರೋದು."

ನೋಡಿದೆ. ಗಾಳಿಯ ಪೈಪುಗಳಲ್ಲಿ ಎಲ್ಲೂ ಸೋರಿಕೆಯಿಲ್ಲ. ಟರ್ಬೊ ಬಿಚ್ಚಿ ಅದರ ದಂಡವನ್ನು ಬೆರಳಲ್ಲಿ ಅಲ್ಲಾಡಿಸಿದೆ, ಹೊಸದರಂತೆ ಗಟ್ಟಿಯಾಗಿತ್ತು. ಎಲ್ಲ ಜೋಡಿಸಿ ನಾನೇ ಒಂದು ಸುತ್ತು ಓಡಿಸಿಕೊಂಡು ಬಂದೆ. ಸೋಮಾರಿಯಂತೆ! ಗೋದಾಮುಗಳ ಹಿಂದಿನ ರಸ್ತೆಯಲ್ಲಿ ಅದು ಬಿಟ್ಟ ಬಾಣದಂತೆ ಹೋಯಿತು. ನನಗೆ ನಗು ಬಂತು. ಎಲ್ಲ ಗಿರಾಕಿಗಳದ್ದೂ ಇದೇ ಹಾಡು. ಗಾಡಿ ಇದ್ದ ಹಾಗೇ ಇರುತ್ತದೆ, ವೇಗ ಅಭ್ಯಾಸವಾಗಿ ಇನ್ನೂ ಬೇಕು ಅನ್ನಿಸುತ್ತದೆ. ಭಾವನಿಗೂ ಅದೇ ಚಪಲ ಅಂದುಕೊಂಡೆ.

ನಿಜ ಹೇಳುತ್ತೇನೆ, ಖುಷಿಯೂ ಆಯಿತು. ಅಷ್ಟು ಗಟ್ಟಿಯಾದ ಇಂಜಿನ್ನಿಗೆ ಟರ್ಬೊ ಆರಿಸುವ ಕೆಲಸ ನನಗೆ ಒಡವೆ ಆರಿಸಿದ ಹಾಗೆ. ಶೆಲ್ಫಿನಿಂದ ಎರಡನ್ನು ಇಳಿಸಿ ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಇಟ್ಟೆ. ಎರಡೂ ಬಸವನಹುಳದ ಚಿಪ್ಪಿನಂತೆ ಸುರುಳಿ, ಒಂದು ಅಂಗೈ ಮೇಲೆ ಕೂರುವಷ್ಟು, ಇನ್ನೊಂದನ್ನು ಎತ್ತಲು ಎರಡು ಕೈ ಬೇಕು.

"ನೋಡಿ, ಇಂಜಿನ್ ಬಿಡೋ ಹೊಗೆ ಈ ಕಡೆ ಚಕ್ರ ತಿರುಗಿಸುತ್ತೆ. ಅದೇ ದಂಡಕ್ಕೆ ಸಿಕ್ಕಿಸಿರೋ ಆ ಕಡೆ ಚಕ್ರ ಗಾಳಿ ಎಳೆದು ಇಂಜಿನ್ನಿಗೆ ತುರುಕುತ್ತೆ. ಗಾಳಿ ಜಾಸ್ತಿ, ಶಕ್ತಿ ಜಾಸ್ತಿ. ಈ ಚಿಕ್ಕದು ಬೇಗ ಎಚ್ಚರ ಆಗುತ್ತೆ, ಕಾಲು ಇಟ್ಟ ತಕ್ಷಣ ಹೂಂ ಅನ್ನುತ್ತೆ. ದೊಡ್ಡದು ಹಾಗಲ್ಲ. ಒತ್ತಿದ್ರೂ ಸ್ವಲ್ಪ ಹೊತ್ತು ತೂಕಡಿಸುತ್ತೆ, ಆಮೇಲೆ ಒಂದೇ ಸಲ ಎದ್ದು ಒದೆಯುತ್ತೆ. ಆ ಒದೆತ ಯಾವಾಗ ಬರುತ್ತೆ ಅಂತ ಕಾಲಿಗೇ ಗೊತ್ತಿರ್ಬೇಕು."

"ಕಾಲಿಗೆ ಗೊತ್ತಿರುತ್ತೆ ಬಿಡು. ಯಾರ ಕಾಲು ಅಂತ ತಿಳ್ಕೊಂಡಿದೀಯ?" ಭಾವ ದೊಡ್ಡದರ ಚಕ್ರವನ್ನು ಬೆರಳಿನಿಂದ ತಿರುಗಿಸಿದರು. ಅದು ಸದ್ದಿಲ್ಲದೆ ಬಹಳ ಹೊತ್ತು ತಿರುಗಿತು. "ಇದೇ ಇರ್ಲಿ."

"ಪೇಟೆ ಒಳಗೆ ಓಡಿಸೋರಿಗೆ ಚಿಕ್ಕದೇ ಸರಿ."

"ಚಿಕ್ಕದು ನಿಮ್ಮಕ್ಕಂಗೆ ಹಾಕು."

ಹೀಗೇ ಹಗ್ಗಜಗ್ಗಾಟ ನಡೆಯಿತು. ಕೊನೆಗೆ ನಾನೇ ಸೋತೆ. ಸೋಲುವುದಕ್ಕೆ ಮನಸ್ಸೂ ಇತ್ತು, ಆ ದೊಡ್ಡದನ್ನು ಒಂದು ಒಳ್ಳೆಯ ಕಾರಿಗೆ ಹಾಕಬೇಕೆಂದು ಎಷ್ಟೋ ದಿನದಿಂದ ಕಾದಿದ್ದೆ.

ನನ್ನ ಗ್ಯಾರೇಜಿನಲ್ಲಿ ಒಂದು ಕ್ರಮವಿದೆ. ಟರ್ಬೊ ಹಾಕುವ ಮೊದಲು ಗಿರಾಕಿಯ ಕಾಲು ನೋಡುತ್ತೇನೆ. ಸ್ಟೇರಿಂಗಿನ ಕೆಳಗೆ ಅಯಸ್ಕಾಂತವಿರುವ ಪುಟ್ಟ ದೀಪ ಅಂಟಿಸಿ, ಪಕ್ಕದ ಸೀಟಿನಲ್ಲಿ ಕೂತು, ರಸ್ತೆಯನ್ನೂ ಮೀಟರನ್ನೂ ಬಿಟ್ಟು ಪೆಡಲ್ ಮೇಲಿನ ಕಾಲನ್ನೇ ನೋಡುತ್ತ ಹೋಗುತ್ತೇನೆ. ಯಾಕೆಂದರೆ ಬಾಯಿ ರೇಸಿಗೆ ಹೋಗುತ್ತಿರುತ್ತದೆ, ಕಾಲು ತರಕಾರಿ ತರಲು ಹೋಗುತ್ತಿರುತ್ತದೆ. ಯಾವ ಟರ್ಬೊ ಎಂದು ಕಾಲೇ ಹೇಳುತ್ತದೆ. ಆದರೆ ಅವತ್ತು ಆ ಕ್ರಮವನ್ನು ಬಿಟ್ಟುಬಿಟ್ಟೆ. ಪೆಡಲ್ ಒತ್ತುವುದನ್ನು ನನಗೆ ಕಲಿಸಿದ ಕಾಲನ್ನೇ ನಾನು ಪರೀಕ್ಷೆ ಮಾಡುವುದೇ? ಛೆ, ಎಂದುಕೊಂಡು ಸೀದಾ ಕಾರನ್ನು ಲಿಫ್ಟಿನ ಹತ್ತಿರ ತರಲು ಹೊರಟೆ.

ಭಾವ ಬಿಡಲಿಲ್ಲ. "ಎಲ್ಲರ ಕಾಲೂ ನೋಡ್ತೀಯಂತೆ, ನಂದ್ಯಾಕೆ ಬೇಡ? ನಾನೇನು ಮಲತಾಯಿ ಮಗನಾ? ಬಾ, ಕೂತ್ಕೋ. ಕಾಲು ಅಂದ್ರೆ ಹೆಂಗಿರ್ಬೇಕು ಅಂತ ನೋಡು."

ದೀಪ ಅಂಟಿಸಿ ಕೂತೆ. ಗೋದಾಮುಗಳ ಹಿಂದಿನ ಅದೇ ರಸ್ತೆ, ಉದ್ದಕ್ಕೆ, ನೇರಕ್ಕೆ, ಖಾಲಿ. ಭಾವ ಎರಡನೇ ಗೇರಿಗೆ ಹಾಕಿದರು.

"ಈಗ ನೋಡು. ಪೂರ್ತಿ ಒತ್ತಿದೀನಿ. ಏನಾದ್ರೂ ಇದೆಯಾ? ಹೇಳು."

ಕಾರು ನಿಧಾನವಾಗಿ ವೇಗ ಹೆಚ್ಚಿಸಿಕೊಂಡಿತು. ಪೆಡಲ್ ಅರ್ಧಕ್ಕೆ ನಿಂತಿತ್ತು.

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಮುಖ ನೋಡಿದೆ. ಹಲ್ಲು ಕಚ್ಚಿ, ಕತ್ತಿನ ನರ ಉಬ್ಬಿಸಿ, ನಿಜವಾಗಿಯೂ ಪೂರ್ತಿ ಒತ್ತುತ್ತಿರುವವರ ಮುಖ ಅದು. ಕಾಲು ಮಾತ್ರ ಅರ್ಧದಲ್ಲಿ ಅಲ್ಲಾಡದೆ ಕೂತಿತ್ತು. ಇನ್ನೊಮ್ಮೆ ಒತ್ತಿ ಅಂದೆ. ಕಾಲು ಎದ್ದು ಪೆಡಲಿನ ಅಂಚನ್ನು ಸವರಿಕೊಂಡು, ಎರಡನೇ ಪ್ರಯತ್ನಕ್ಕೆ ಅದರ ಮೇಲೆ ಕೂತಿತು. ಮತ್ತೆ ಅರ್ಧ.

ರಸ್ತೆಯ ಕೊನೆಯ ಕ್ರಾಸಿನಲ್ಲಿ ಒಬ್ಬ ಸೈಕಲ್ಲಿನವನು ಅಡ್ಡ ಬಂದ. ಭಾವ ಬ್ರೇಕ್ ಹಾಕಬೇಕು. ಹಾಕುವ ಮೊದಲು, ಒಂದೇ ಕ್ಷಣ, ಅವರು ಕಣ್ಣು ಬಗ್ಗಿಸಿ ತಮ್ಮ ಕಾಲನ್ನು ನೋಡಿಕೊಂಡರು. ಎಲ್ಲಿದೆ ಎಂದು ನೋಡಿಕೊಂಡು, ಆಮೇಲೆ ಬ್ರೇಕ್ ಮೇಲೆ ಇಟ್ಟರು. ಕಾರು ಬಿಳಿ ಗೆರೆ ದಾಟಿ ನಿಂತಿತು. ಸೈಕಲ್ಲಿನವನು ಗುರಾಯಿಸಿಕೊಂಡು ಹೋದ.

ಪೆಡಲ್ ನೋಡಿಕೊಂಡಿದ್ದಕ್ಕೆ ನನ್ನನ್ನು ಗಾಡಿಯಿಂದ ಇಳಿಸಿ ಮನೆಗೆ ನಡೆಸಿದ್ದವರು ಅವರು.

"ಪಕ್ಕಕ್ಕೆ ನಿಲ್ಲಿಸಿ ಭಾವ."

"ಯಾಕೆ? ನೋಡಿದ್ಯಲ್ಲ, ಪಿಕಪ್..."

"ನಿಲ್ಲಿಸಿ. ಬಲಗಾಲಿನ ಶೂ ಬಿಚ್ಚಿ."

"ಟರ್ಬೊ ಶೂ ಒಳಗೆ ಹಾಕ್ತೀಯೇನೇ?" ಎಂದು ನಕ್ಕರು. ನಾನು ನಗಲಿಲ್ಲವಾದ್ದರಿಂದ ಬಿಚ್ಚಿದರು. ಶೂವನ್ನು ಇಸಿದುಕೊಂಡು ಬೋರಲು ಹಾಕಿದೆ. ಕಡಲೆಕಾಳಿನಷ್ಟು ದಪ್ಪದ ಒಂದು ಕಲ್ಲು ಟಪ್ಪೆಂದು ರಸ್ತೆಗೆ ಬಿತ್ತು. ಸಾಕ್ಸಿನ ಅಡಿಯಲ್ಲಿ ಕಂದು ಬಣ್ಣದ ಕಲೆ ಇತ್ತು.

"ಇದು ಯಾವಾಗಿನಿಂದ ಒಳಗಿದೆ?"

ಭಾವ ಆ ಕಲ್ಲನ್ನು ಬೇರೆ ಯಾರದೋ ಶೂವಿನಿಂದ ಬಿದ್ದದ್ದು ಎಂಬಂತೆ ನೋಡಿದರು. "ಬೆಳಿಗ್ಗೆ ವಾಕಿಂಗ್ ಹೋಗಿದ್ದೆ. ಗೊತ್ತಾಗ್ಲಿಲ್ಲ."

"ಆ ಕಡೆ ತಿರುಗಿ ಕೂತ್ಕೊಳ್ಳಿ. ಪೆನ್ನಿನ ಹಿಂಬದಿಯಿಂದ ಕಾಲಿನ ಹೆಬ್ಬೆಟ್ಟು ಒತ್ತುತೀನಿ. ಒತ್ತಿದ ತಕ್ಷಣ ಹೇಳ್ಬೇಕು."

ಅವರು ಗೋದಾಮಿನ ಗೋಡೆಯ ಕಡೆ ತಿರುಗಿ ಕೂತರು. ನಾನು ಸಾಕ್ಸ್ ಸರಿಸಿ ಒತ್ತಿದೆ. ಸ್ವಲ್ಪ ಹೊತ್ತು ಕಾದು, "ಹೂಂ, ಒತ್ತು" ಎಂದರು.

ಒತ್ತುತ್ತಲೇ ಇದ್ದೆ. ನನ್ನ ಉಗುರು ಬೆಳ್ಳಗಾಗುವಷ್ಟು ಬಲವಾಗಿ ಒತ್ತುತ್ತಿದ್ದೆ. ಕೊನೆಗೆ ಅವರೇ ತಿರುಗಿ ನೋಡಿದರು. ಪೆನ್ನನ್ನು ನೋಡಿದರು, ಹೆಬ್ಬೆಟ್ಟನ್ನು ನೋಡಿದರು. ಮುಖ ಸಪ್ಪಗಾಯಿತು.

"ಜೋಮು ಕಣೇ," ಎಂದರು. "ಕೂತು ಕೂತು ಜೋಮು ಹಿಡಿಯುತ್ತೆ."

"ಎಷ್ಟು ದಿನದಿಂದ?"

"ಬೇಸಿಗೆಗಿಂತ ಮುಂಚೆಯಿಂದ."

"ಸಕ್ಕರೆ ಕಾಯಿಲೆ ಇರೋರು ಕಾಲು ತೋರಿಸ್ತಾ ಇರ್ಬೇಕು ಅಂತ ಡಾಕ್ಟರು ಹೇಳಿರ್ಲಿಲ್ವಾ? ಅಕ್ಕಂಗೆ ಗೊತ್ತಾ?"

"ಅವಳಿಗೆ ಗೊತ್ತಾದ್ರೆ ಕೀ ಬಚ್ಚಿಡ್ತಾಳೆ."

"ಬಚ್ಚಿಡ್ಬೇಕು! ಗಾಡಿ ಸೋಮಾರಿ ಅಂತೆ, ದೊಡ್ಡ ಟರ್ಬೊ ಅಂತೆ! ಈ ಕಾಲಿನ ಕೆಳಗೆ ಅದನ್ನ ಕೊಟ್ಟಿದ್ರೆ ಏನಾಗ್ತಿತ್ತು ಗೊತ್ತಾ ನಿಮ್ಗೆ?" ಕಿರುಚಿಬಿಟ್ಟೆ. ನನಗೆ ಅಳು ಬಂದರೆ ಅದು ಕೋಪವಾಗಿಯೇ ಹೊರಗೆ ಬರುವುದು. ಅದು ಅವರಿಗೂ ಗೊತ್ತು. ಸುಮ್ಮನೆ ನನ್ನ ತಲೆ ಸವರಿ, ಶೂವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಆಮೇಲೆ ಶೂವಿನ ಧೂಳು ಒರೆಸುತ್ತ ಅಂದರು. "ಸರಿ. ಟರ್ಬೊ ಬೇಡ. ಈ ಕಾರೂ ಬಿಟ್ಬಿಡ್ತೀನಿ, ಡಾಕ್ಟರಿಗೂ ತೋರಿಸ್ತೀನಿ. ಆದ್ರೆ ಕ್ಲಾಸ್ ನಿಲ್ಲಿಸೋಕಾಗಲ್ಲ."

ನನಗೆ ಅಲ್ಲಿಯವರೆಗೆ ಸ್ಕೂಲ್ ಕಾರಿನ ನೆನಪೇ ಬಂದಿರಲಿಲ್ಲ. ಪಕ್ಕದ ಸೀಟು, ಎರಡನೇ ಬ್ರೇಕು, ಅದೇ ಬಲಗಾಲು.

"ಭಾವ, ಆ ಬ್ರೇಕ್ ಯಾವ ಕಾಲಲ್ಲಿ ಒತ್ತುತೀರ?"

"ಅದು ಬೇರೆ. ಅದು ಅಭ್ಯಾಸ. ನಿದ್ದೇಲಿ ಎಬ್ಬಿಸಿದ್ರೂ ಒತ್ತುತೀನಿ. ನಾಳೆ ಬೆಳಿಗ್ಗೆ ನರ್ಸಮ್ಮನ ಕ್ಲಾಸಿದೆ, ಮುಂದಿನ ವಾರ ಅವಳಿಗೆ ಟೆಸ್ಟು. ಹೆದರಿದ್ರೆ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ತುಳಿದ್ಬಿಡ್ತಾಳೆ ಪಾಪ. ಅವಳ ಪಕ್ಕದಲ್ಲಿ ನಾನೇ ಇರ್ಬೇಕು, ಬೇರೆಯವರಿಗೆ ಧೈರ್ಯ ಸಾಲದು. ಈ ಒಂದು ವಾರ. ಆಮೇಲೆ ನೀನು ಹೇಳಿದ ಹಾಗೆ."

"ಒಂದು ದಿನವೂ ಬೇಡ."

"ನಿಂಗೆ ಗಾಡಿ ಕಲಿಸಿದೋನಿಗೆ ಹೇಳ್ತಿದೀಯ."

"ಅದಕ್ಕೇ ಹೇಳ್ತಿದೀನಿ."

ಅವರು ಮುಖ ತಿರುಗಿಸಿಕೊಂಡರು. ಇಪ್ಪತ್ತು ವರ್ಷಕ್ಕೂ ಮಿಕ್ಕಿದ ಕೆಲಸ. ಬೆಳಿಗ್ಗೆ ಎದ್ದು ಸಮವಸ್ತ್ರದಂತೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೆದರಿದವರ ಪಕ್ಕ ಕೂತು ಅವರ ಹೆದರಿಕೆ ಬಿಡಿಸುವುದು. ಅದನ್ನು ಬಿಟ್ಟರೆ ಈ ಮನುಷ್ಯ ಏನು ಮಾಡಬೇಕು? ಪಟ್ಟು ಹಿಡಿದವರನ್ನು ಬಾಯಿಂದ ಬಗ್ಗಿಸುವುದು ನನ್ನಿಂದಾಗದು, ಇಳಿದು ಸುತ್ತಿ ಬಂದು ಅವರನ್ನು ಪಕ್ಕದ ಸೀಟಿಗೆ ಕಳಿಸಿದೆ. ಅವರು ಸಾಕ್ಸ್ ಎಳೆದುಕೊಂಡರು, ಶೂ ಹಾಕಿಕೊಳ್ಳಲಿಲ್ಲ.

"ಪೂರ್ತಿ ಒತ್ತು," ಎಂದರು ಬಿಗಿಯಾಗಿ. "ನೋಡೋಣ, ಯಾರು ಸರಿ ಅಂತ."

ಒತ್ತಿದೆ. ಹಳೇ ಟರ್ಬೊ ಸಿಳ್ಳೆ ಹಾಕಿತು, ಕಾರು ನೆಗೆಯಿತು, ಭಾವನ ತಲೆ ಸೀಟಿಗೆ ಹೋಗಿ ಬಡಿಯಿತು. "ಅಯ್ಯಯ್ಯೋ!" ಎಂದವರು ಚಿಕ್ಕ ಹುಡುಗನಂತೆ ನಗತೊಡಗಿದರು. ಗೋದಾಮುಗಳ ತಗಡಿನ ಬಾಗಿಲುಗಳು ಒಂದರ ಹಿಂದೊಂದು ಹಿಂದೆ ಸರಿದವು.

"ಇಷ್ಟೊಂದು ಇತ್ತೇನೇ ಇದ್ರಲ್ಲಿ?"

"ಮೊದಲಿನಿಂದ್ಲೂ ಇದೆ ಭಾವ. ಒಂಚೂರೂ ಕಮ್ಮಿಯಾಗಿಲ್ಲ."

ಅವರ ನಗು ತಾನಾಗಿಯೇ ನಿಂತಿತು. ನಾನು ವೇಗ ಇಳಿಸಿ ಪೇಟೆಯ ಕಡೆ ತಿರುಗಿಸಿದೆ. ಮೊದಲ ತಿರುವಿನಲ್ಲೇ ಹಾಲಿನ ವ್ಯಾನೊಂದು ಪಕ್ಕದ ಗಲ್ಲಿಯಿಂದ ಹಿಂದೆ ಮುಂದೆ ನೋಡದೆ ನುಗ್ಗಿತು. ನಾನು ಬ್ರೇಕ್ ಹಾಕಿದೆ. ಅದೇ ಕ್ಷಣಕ್ಕೆ ಪಕ್ಕದಲ್ಲಿ ದಢ್ ಎಂದು ಸದ್ದಾಯಿತು. ಭಾವ ತಮ್ಮ ಅಭ್ಯಾಸದಂತೆ, ಈ ಕಾರಿನಲ್ಲಿ ಇಲ್ಲದ ಎರಡನೇ ಬ್ರೇಕನ್ನು ಬಲವಾಗಿ ತುಳಿದಿದ್ದರು.

ಅವರ ಕಣ್ಣು ರಸ್ತೆಯ ಮೇಲೇ ಇತ್ತು.

"ನೋಡಿದ್ಯಾ? ನಿಂಗಿಂತ ಮೊದ್ಲೇ ಒತ್ತಿದೆ," ಎಂದರು. ಆಮೇಲೆ ದನಿ ಇಳಿಸಿ, "ಒತ್ತಿದ್ನಲ್ಲ?" ಎಂದರು.

"ಒತ್ತಿದ್ರಿ."

"ಎಲ್ಲಿ?"

ಸುಳ್ಳು ಹೇಳಬೇಕು ಅನ್ನಿಸಿತು, ನಾಲಿಗೆ ಏಳಲಿಲ್ಲ. "ಗೇರ್ ಪಕ್ಕಕ್ಕೆ ಭಾವ."

ಅವರು ಬಗ್ಗಿ ನೋಡಿದರು. ಸಾಕ್ಸ್ ಹಾಕಿದ ಪಾದ ಪೆಡಲ್ ಇರಬೇಕಾದ ಜಾಗದಿಂದ ಒಂದು ಗೇಣು ಆಚೆ, ಗೇರಿನ ಪಕ್ಕದ ಪ್ಲಾಸ್ಟಿಕ್ಕಿಗೆ ಒತ್ತಿಕೊಂಡು, ಹೆಬ್ಬೆಟ್ಟು ಮಡಚಿಕೊಂಡು ನಿಂತಿತ್ತು. ಅವರಿಗೆ ನೋವಾಗಿರಲಿಲ್ಲ. ಎರಡೂ ಕೈಯಿಂದ ಕಾಲನ್ನು ಎತ್ತಿ ಈಚೆಗೆ ಇಟ್ಟುಕೊಂಡು, ಬಹಳ ಹೊತ್ತು ಅದನ್ನೇ ನೋಡುತ್ತ ಕೂತರು. ಆಮೇಲೆ ಜೇಬಿನಿಂದ ಫೋನ್ ತೆಗೆದರು.

"ನರ್ಸಮ್ಮ, ನಾನು ಮೇಷ್ಟ್ರು. ನಾಳೆಯಿಂದ ನಿಮಗೆ ಬೇರೆಯವರು ಹೇಳಿಕೊಡ್ತಾರೆ... ಇಲ್ಲ, ಇಲ್ಲ, ನಿಮ್ಮ ತಪ್ಪೇನಿಲ್ಲ ತಾಯಿ, ನೀವು ಚೆನ್ನಾಗೇ ಓಡಿಸ್ತೀರಿ. ನಂಗೆ ಬ್ರೇಕ್ ಸಿಗ್ತಿಲ್ಲ."

ಹಿಂದಿನಿಂದ ಯಾರೋ ಹಾರ್ನ್ ಮಾಡಿದರು. ಭಾವನ ಮಾತು ಮುಗಿಯುವವರೆಗೂ ನಾನು ಗಾಡಿ ಬಿಡಲಿಲ್ಲ.