ನೀಲಿ ಅಂಚಿನ ಟವೆಲ್

ಹೊರಡುವ ಹಿಂದಿನ ದಿನ ತಂಗಿ ಫೋನಿನಲ್ಲಿ ನನ್ನಿಂದ ಮಾತು ತೆಗೆದುಕೊಂಡಳು.

"ಅಕ್ಕಾ, ಸೀಟು ಹಿಡಿಯೋದು ದೊಡ್ಡ ವಿಷಯ ಅಲ್ಲ. ಹಿಡ್ಕೊಂಡಿರೋದು ದೊಡ್ಡದು. ಯಾರಾದ್ರೂ ಬಂದು ಮುಖ ಸಣ್ಣ ಮಾಡಿದ್ರೆ ಸಾಕು, ನೀನು ಕರಗಿಹೋಗ್ತೀಯ."

"ಈ ಸಲ ಇಲ್ಲ ಕಣೇ."

"ಹೋದ ಸಲವೂ ಹೀಗೇ ಅಂದಿದ್ದೆ."

ಹೋದ ಸಲ ಬಸ್ಸಿನಲ್ಲಿ ಅವಳಿಗೆಂದು ಹಿಡಿದಿದ್ದ ಜಾಗವನ್ನು ಕೈಗೂಸಿನ ತಾಯಿಯೊಬ್ಬಳಿಗೆ ಬಿಟ್ಟುಕೊಟ್ಟಿದ್ದೆ. ತಂಗಿ ದಾರಿಯುದ್ದಕ್ಕೂ ನಿಂತೇ ಬಂದಳು; ಆಮೇಲೆ ಒಂದು ತಿಂಗಳು ನನ್ನ ಹತ್ತಿರ ಮಾತು ಬಿಟ್ಟಿದ್ದಳು. ಈಗಲೂ ಆಗಾಗ ಕೇಳುತ್ತಾಳೆ, "ಆ ಮಗುಗೆ ಈಗ ಎರಡು ವರ್ಷ ಆಗಿರ್ಬೇಕು. ನನ್ನ ಸೀಟಿಂದ ಎದ್ದಿದೆಯೋ, ಇನ್ನೂ ಕೂತೇ ಇದೆಯೋ?"

ಈ ಸಲ ತಮಾಷೆಯಾಗಿರಲಿಲ್ಲ. ಅವಳ ಮೊಣಕಾಲಿನ ಆಪರೇಷನ್ ಆಗಿ ಐದು ವಾರವಾಗಿತ್ತು. ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಕೂಡದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅದೇ ಡಾಕ್ಟರಿಗೆ ಕಾಲು ತೋರಿಸಲು ನಾವು ಹೊರಟಿದ್ದೆವು. ನಾನು ರೈಲು ಹೊರಡುವ ಊರಿನಲ್ಲೇ ಹತ್ತುವವಳು. ಅವಳು ಜಂಕ್ಷನ್ ದಾಟಿದ ಮೇಲಿನ ಸಣ್ಣ ಸ್ಟೇಷನ್ನಿನಲ್ಲಿ. ಅಲ್ಲಿಂದ ಮುಂದೆ ಒಂದೂವರೆ ಗಂಟೆಯ ದಾರಿ.

"ಯಾವ ಬೋಗಿ?"

"ಎಂಜಿನ್ನಿಂದ ಮೂರನೇದು. ಸೀಟಿನ ಮೇಲೆ ನೀಲಿ ಅಂಚಿನ ಬಿಳಿ ಟವೆಲ್ ಹಾಸಿರ್ತೀನಿ. ಅದು ಕಂಡ ಕಡೆ ಕಣ್ಣುಮುಚ್ಚಿ ಕೂತ್ಕೊ."

"ಯಾರಿಗೂ ಕೊಡಲ್ಲ ಅಂತ ಹೇಳು."

"ಯಾರಿಗೂ ಕೊಡಲ್ಲ."

ಅವಳ ಮನೆಗೆ ನಾನು ಯಾವಾಗಲೂ ಬಸ್ಸಿನಲ್ಲಿ ಹೋಗುತ್ತಿದ್ದವಳು. ಈ ದಾರಿಯಲ್ಲಿ ರೈಲು ಹತ್ತಿದ್ದು ಅದೇ ಮೊದಲು. ಅದಕ್ಕೇ ಬೆಳಿಗ್ಗೆ ಮುಕ್ಕಾಲು ಗಂಟೆ ಮುಂಚೆಯೇ ಹೋಗಿ, ಎಂಜಿನ್ ಕಡೆಯಿಂದ ಬೆರಳು ಮಡಚಿ ಎಣಿಸಿ, ಮೂರನೇ ಬೋಗಿ ಹತ್ತಿದೆ. ಕಿಟಕಿಯ ಪಕ್ಕ ನಾನು ಕೂತು, ನನ್ನ ಪಕ್ಕದ ಜಾಗದಲ್ಲಿ ಟವೆಲ್ ಹಾಸಿ, ನಾಲ್ಕೂ ಮೂಲೆಯನ್ನು ಕೈಯಿಂದ ಸವರಿದೆ. ಮೂವತ್ತು ವರ್ಷ ಕಾಲೇಜಿನ ಲೈಬ್ರರಿಯಲ್ಲಿದ್ದವಳು ನಾನು. ಯಾರಾದರೂ ಕೇಳಿಟ್ಟ ಪುಸ್ತಕದೊಳಗೆ ಒಂದು ಚೀಟಿ ಸಿಕ್ಕಿಸಿಟ್ಟರೆ ಪ್ರಿನ್ಸಿಪಾಲರೂ ಅದನ್ನು ಮುಟ್ಟುತ್ತಿರಲಿಲ್ಲ. ಟವೆಲ್ಲಿಗೂ ಅಷ್ಟೇ ಮರ್ಯಾದೆ ಸಿಗಬಹುದೆಂದು ನಂಬಿದ್ದೆ.

ಎದುರಿಗೆ ಮೂವರು ನಿವೃತ್ತರು ಮಡಿಲ ಮೇಲೆ ಸೂಟ್‌ಕೇಸ್ ಮಲಗಿಸಿಕೊಂಡು ಇಸ್ಪೀಟು ಹಂಚತೊಡಗಿದರು. ಎರಡನೇ ಸ್ಟೇಷನ್ನಿಗೆ ಬೋಗಿ ತುಂಬಿತು. ಮೂರನೇದಕ್ಕೆ ಬಾಗಿಲಲ್ಲಿ ಜನ ಜೋತುಬಿದ್ದರು. ಎಲ್ಲರ ಕಣ್ಣೂ ಮೊದಲು ಟವೆಲ್ಲಿನ ಮೇಲೆ, ಆಮೇಲೆ ನನ್ನ ಮೇಲೆ.

"ಯಾರಾದ್ರೂ ಬರ್ತಾರಾ?"

"ನನ್ನ ತಂಗಿ. ಜಂಕ್ಷನ್ ಆದ್ಮೇಲೆ."

"ಓಹೋ, ಇನ್ನೂ ಹತ್ತೇ ಇಲ್ಲದವರಿಗೆ ಸೀಟು! ಹತ್ತಿರೋರಿಗೆ ಗಾಳಿ!" ಎಂದ ಸುಣ್ಣದ ಕಲೆಯ ಅಂಗಿಯ ಪೇಂಟರ್ ಒಬ್ಬ. ಜನ ನಕ್ಕರು. ನಾನು ಕಿಟಕಿಯ ಹೊರಗೆ ನೋಡಿದೆ. ಹೊರಗೆ ನೋಡುವಂಥದ್ದೇನೂ ಇರಲಿಲ್ಲ.

ನನ್ನ ಸೀಟಿನ ಅಂಚಿಗೆ ಒರಗಿ ಒಬ್ಬ ನರ್ಸ್ ನಿಂತಿದ್ದಳು. ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟವಳು. ಸಮವಸ್ತ್ರದ ಮೇಲೆ ಸ್ವೆಟರ್ ಹಾಕಿಕೊಂಡಿದ್ದಳು. ಮೇಲಿನ ಕಂಬಿ ಹಿಡಿದ ಕೈ ಗಟ್ಟಿಯಾಗಿತ್ತು, ಕಣ್ಣು ಮಾತ್ರ ಮತ್ತೆ ಮತ್ತೆ ಮುಚ್ಚಿಹೋಗುತ್ತಿತ್ತು. ಒಂದೆರಡು ಸಲ ಅವಳ ಮೊಣಕಾಲು ಕುಸಿದು, ಅವಳೇ ಬೆಚ್ಚಿ ನೆಟ್ಟಗಾದಳು.

ನನ್ನ ಕೈ ತಾನಾಗಿಯೇ ಟವೆಲ್ಲಿನ ಕಡೆ ಹೋಯಿತು. ತಂಗಿಯ ದನಿ ಕಿವಿಯಲ್ಲಿ ಕೇಳಿ, ಕೈ ವಾಪಸು ಬಂತು. ನಾನೇ ಎದ್ದು ಕೂರಿಸೋಣವೆಂದರೆ, ನಾನು ನಿಂತ ಕ್ಷಣವೇ ಪಕ್ಕದ ಜಾಗವೂ ಹೋಗುತ್ತದೆ. ಏನೂ ತೋಚದೆ, "ತಂಗಿಗೆ ಮೊಣಕಾಲು ಆಪರೇಷನ್ ಆಗಿದೆಯಮ್ಮ, ಅದಕ್ಕೆ..." ಎಂದೆ.

"ಎಷ್ಟು ದಿನ ಆಯ್ತು ಅಜ್ಜಿ?"

"ಐದು ವಾರ."

"ಅಯ್ಯೋ, ಹಾಗಾದ್ರೆ ನಿಲ್ಲಲೇಬಾರದು," ಎಂದವಳೇ, ಅಷ್ಟರಲ್ಲಿ ಟವೆಲ್ ಸರಿಸಿ ಕೂರಲು ಬಂದ ಒಬ್ಬನನ್ನು ತಡೆದಳು. "ಅಲ್ಲಿ ಪೇಷಂಟ್ ಬರ್ತಾರೆ ಸರ್. ಈ ಕಡೆ ನಿಂತ್ಕೊಳ್ಳಿ."

ಅಲ್ಲಿಂದ ಮುಂದೆ ಕಾವಲು ಅವಳದೇ ಆಯಿತು. ನಿದ್ದೆಗಣ್ಣಿನಲ್ಲಿ ನಿಂತುಕೊಂಡು, ತಾನು ಕೂರಲಾಗದ ಜಾಗವನ್ನು ಕಂಡರಿಯದ ಯಾರಿಗೋ ಕಾಯುತ್ತಿದ್ದಳು. ಅದನ್ನು ನೋಡುತ್ತ ಕೂರುವುದು ನನಗೆ ಇನ್ನೂ ಕಷ್ಟವಾಯಿತು.

ಜಂಕ್ಷನ್ನಿನಲ್ಲಿ ರೈಲು ಕಾಲು ಗಂಟೆ ನಿಂತಿತು. ಎಲ್ಲೋ ಧಡ್ ಎಂದು ಸದ್ದಾಯಿತು. ಆಮೇಲೆ ಹೊರಟಿತು. ಬಂದ ದಾರಿಗೇ ಹೊರಟಿತು! ನಾನು ಮುಖ ಮಾಡಿ ಕೂತಿದ್ದ ದಿಕ್ಕು ಬಿಟ್ಟು ರೈಲು ನನ್ನ ಬೆನ್ನ ಕಡೆಗೆ ಓಡತೊಡಗಿತು. ಆಗತಾನೆ ದಾಟಿ ಬಂದಿದ್ದ ನೀರಿನ ಟ್ಯಾಂಕು ಮತ್ತೆ ಬಂತು.

"ಅಯ್ಯಯ್ಯೋ! ವಾಪಸ್ ಹೋಗ್ತಿದೆ! ರೈಲು ವಾಪಸ್ ಹೋಗ್ತಿದೆ!"

ಇಸ್ಪೀಟಿನವರು ಎಲೆ ಕೆಳಗಿಟ್ಟು ನಕ್ಕರು. "ವಾಪಸ್ ಅಲ್ಲಮ್ಮ, ಇಲ್ಲಿ ಎಂಜಿನ್ ಈ ತುದಿಯಿಂದ ಬಿಚ್ಚಿ ಆ ತುದಿಗೆ ಹಾಕ್ತಾರೆ. ಇನ್ನೊಂದು ಸ್ವಲ್ಪ ಹೋದ್ಮೇಲೆ ಲೈನು ಬೇರೆ ಕಡೆ ತಿರುಗುತ್ತೆ."

"ದಿನಾ ಯಾರಾದ್ರೂ ಒಬ್ರು ಹೀಗೆ ಕೂಗ್ತಾರೆ," ಎಂದರು ಇನ್ನೊಬ್ಬರು. "ಮೊನ್ನೆ ಒಬ್ಬ ಇಳಿದೇಬಿಟ್ಟ."

ನಾನೂ ನಕ್ಕೆ. ರೈಲು ತಿರುಗಿ ಸರಿಯಾದ ದಾರಿ ಹಿಡಿದ ಮೇಲೂ ತಲೆಯೊಳಗೆ ಏನೋ ತಿರುಗುತ್ತಲೇ ಇತ್ತು, ಏನೆಂದು ಗೊತ್ತಾಗಲಿಲ್ಲ.

ತಂಗಿಯ ಸ್ಟೇಷನ್ ಬಂತು. ನಿಲ್ಲುವುದು ಎರಡೇ ನಿಮಿಷ. ನಮ್ಮ ಬೋಗಿಯೆದುರು ಪ್ಲಾಟ್‌ಫಾರ್ಮಿನಲ್ಲಿ ಒಂದು ನಾಯಿ, ಒಂದು ತಳ್ಳುಗಾಡಿ, ಅಷ್ಟೇ. ಜನವೆಲ್ಲ ದೂರದಲ್ಲಿ, ಎಂಜಿನ್ ಕಡೆ.

ಎಂಜಿನ್ ಕಡೆ.

ಆಗ ಹೊಳೆಯಿತು. ನಾನು ಎಣಿಸಿದ ಎಂಜಿನ್ ಈಗ ಅಲ್ಲಿಲ್ಲ. ಮೊದಲಿನಿಂದ ಮೂರನೆಯವಳಾಗಿದ್ದ ನಾನು ಕೊನೆಯಿಂದ ಮೂರನೆಯವಳಾಗಿದ್ದೆ. ಹನ್ನೆರಡು ಬೋಗಿಯ ರೈಲು. ಒಂದರಿಂದ ಇನ್ನೊಂದಕ್ಕೆ ಒಳಗಿಂದ ದಾರಿಯಿಲ್ಲ. ಕಿಟಕಿಯ ಕಂಬಿಗೆ ಕೆನ್ನೆಯೊತ್ತಿ, "ಇಲ್ಲಿ! ಇಲ್ಲಿ ಕಣೇ!" ಎಂದು ಕೂಗಿದೆ. ನಾಯಿ ಮಾತ್ರ ತಿರುಗಿ ನೋಡಿತು. ರೈಲು ಹೊರಟಿತು.

ಫೋನು ಮಾಡಿದೆ. ತಂಗಿಯ ಫೋನು ಯಾವಾಗಲೂ ಕೈಚೀಲದ ತಳದಲ್ಲಿ, ಮಾತ್ರೆ ಡಬ್ಬಿಯ ಕೆಳಗೆ ಇರುತ್ತದೆ. ರಿಂಗಾಗಿ ರಿಂಗಾಗಿ ನಿಂತಿತು.

"ಬಂದ್ರಾ ನಿಮ್ಮ ತಂಗಿ?" ಪೇಂಟರ್ ಕೇಳಿದ.

"ಬಂದಿದ್ದಾಳೆ. ಇಲ್ಲಿಗಲ್ಲ."

"ಅಂದ್ರೆ?"

ಹತ್ತಿದ್ದಾಳೋ ಇಲ್ಲವೋ. ಹತ್ತಿದ್ದರೆ ಎಲ್ಲೋ ಜನರ ನಡುವೆ ಊರುಗೋಲಿಗೆ ಜೋತುಬಿದ್ದು ನಿಂತಿದ್ದಾಳೆ. ಇಲ್ಲಿ ಅವಳ ಜಾಗ ಖಾಲಿಯಿದೆ. ಕೊಟ್ಟರೆ ಮಾತು ತಪ್ಪಿದಂತೆ. ಇಟ್ಟುಕೊಂಡರೆ ಯಾರಿಗೆಂದು ಇಟ್ಟುಕೊಳ್ಳುವುದು? ಯಾರಿಗೂ ಕೊಡುವುದಿಲ್ಲ ಎಂದವಳು ಅವಳಿಗೂ ಕೊಡದ ಹಾಗಾಗಿತ್ತು.

"ಮುಂದಿನ ಸ್ಟೇಷನ್ನಲ್ಲಿ ಇಳಿದು ಈ ಕಡೆ ಬರಬಹುದು ಅಜ್ಜಿ," ಎಂದಳು ನರ್ಸ್. "ಇರಲಿ ಬಿಡಿ, ನೋಡೋಣ."

ಮುಂದಿನ ಸ್ಟೇಷನ್ ಬಂತು, ಹೋಯಿತು. ಆ ಕಾಲಿನಲ್ಲಿ ಎರಡು ನಿಮಿಷಕ್ಕೆ ಏಳೆಂಟು ಬೋಗಿ ದಾಟುವುದು ಆಗದ ಮಾತು. ನಾನು ಟವೆಲ್ ಎತ್ತಿ ಮಡಚಿ ಚೀಲಕ್ಕೆ ಹಾಕಿ, ನರ್ಸಿನ ತೋಳು ಹಿಡಿದು ಎಳೆದೆ.

"ಕೂತ್ಕೊ ಮಗಳೇ."

"ಬೇಡ ಅಜ್ಜಿ, ಅವರು ಬಂದ್ರೆ..."

"ಬಂದ್ರೆ ಬೈಸಿಕೊಳ್ಳೋಳು ನಾನು. ನೀನು ಕೂತ್ಕೊ."

ಕೂತ ಎರಡೇ ನಿಮಿಷಕ್ಕೆ ಅವಳ ತಲೆ ನನ್ನ ಭುಜಕ್ಕೆ ಬಂತು. ಸಣ್ಣಗೆ ಗೊರಕೆ ಬೇರೆ. ನಾನು ಅಲುಗಾಡದೆ ಕೂತೆ. ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಸಂಕಟ. ಯಾವುದು ಯಾವುದಕ್ಕೆ ಎಂದು ಬಿಡಿಸಲಾಗಲಿಲ್ಲ.

ಕೊನೆಯ ಸ್ಟೇಷನ್ನಿನಲ್ಲಿ ನರ್ಸ್ ಎದ್ದು, ನಾಚಿಕೊಂಡು, ನನ್ನ ಚೀಲವನ್ನು ಕೆಳಗಿಳಿಸಿಕೊಟ್ಟು ಹೋದಳು. ನಾನು ಪ್ಲಾಟ್‌ಫಾರ್ಮಿನುದ್ದಕ್ಕೂ ಬೈಗುಳ ಕೇಳಲು ಸಿದ್ಧಳಾಗಿ ನಡೆದೆ. ಎದುರಿನಿಂದ ಊರುಗೋಲು ಟಕಟಕ ಮಾಡುತ್ತ ತಂಗಿ ಬಂದಳು. ಮುಖದಲ್ಲಿ ನಗು!

"ಪರವಾಗಿಲ್ವೇ ಅಕ್ಕಾ ನೀನು! ಜನ್ಮಕ್ಕೊಂದ್ಸಲ ಮಾತು ಉಳಿಸ್ಕೊಂಡೆ. ರಾಣಿ ಹಾಗೆ ಕೂತು ಬಂದೆ." ಚೀಲದಿಂದ ಮಡಚಿದ ಟವೆಲ್ ತೆಗೆದು ಕೊಟ್ಟಳು. "ತಗೋ. ನೀನು ಎಲ್ಲಿ ಹೋಗಿದ್ದೆ? ನಿನ್ನ ಸೀಟನ್ನೂ ಯಾರಿಗೋ ದಾನ ಮಾಡಿ ಬಾಗಿಲ ಹತ್ರ ನಿಂತಿದ್ದೀಯ ಅಂದ್ಕೊಂಡೆ."

ಬಿಳಿ ಟವೆಲ್. ನೀಲಿ ಅಂಚು. ನಾನು ನನ್ನ ಚೀಲಕ್ಕೆ ಕೈ ಹಾಕಿ ನನ್ನದನ್ನು ತೆಗೆದೆ. ಬಿಳಿ ಟವೆಲ್. ನೀಲಿ ಅಂಚು.

ಇಬ್ಬರೂ ಎರಡನ್ನೂ ನೋಡಿದೆವು.

"ಇದು ಯಾರದು?" ಎಂದಳು ತಂಗಿ.

ಅಲ್ಲೇ ಬೆಂಚಿನ ಮೇಲೆ ಕೂರಿಸಿ ಎಂಜಿನ್ನಿನ ವಿಷಯ ಹೇಳಿದೆ. ಅವಳಿಗೆ ಎರಡು ಸಲ ಹೇಳಬೇಕಾಯಿತು. ಎರಡನೇ ಸಲಕ್ಕೆ ನಗು ಮಾಯವಾಯಿತು.

"ಒಬ್ಬ ಇದ್ದ," ಎಂದಳು ಮೆಲ್ಲಗೆ. "ಕೈಯಲ್ಲಿ ಗೋಡೆ ಗಡಿಯಾರ ಇತ್ತು, ರಿಪೇರಿಯವನು ಇರ್ಬೇಕು. ನಾನು ಕೂತ ತಕ್ಷಣ 'ಅಮ್ಮಾ, ಅದು...' ಅಂದ. ನಾನು, 'ಕಣ್ಣು ಕಾಣಲ್ವೇನಪ್ಪ, ಟವೆಲ್ ಹಾಕಿದೆ, ನನ್ನ ಅಕ್ಕ ನನಗೇ ಅಂತ ಇಟ್ಟಿರೋದು' ಅಂತ ಗದರಿಸ್ದೆ. ಅವನು ನನ್ನ ಕೋಲು ನೋಡ್ದ. 'ಸರಿ, ಕೂತ್ಕೊಳ್ಳಿ' ಅಂದ."

"ಆಮೇಲೆ?"

"ನಮ್ಮ ಸ್ಟೇಷನ್ನಲ್ಲೇ ಅವನ ಹೆಂಡತಿನೂ ಹತ್ತಿದ್ಳು. ಇಬ್ರೂ ನಿಂತೇ ಬಂದ್ರು ಅಕ್ಕಾ. ಕಿತ್ತಳೆ ಸುಲಿದು ನನಗೂ ಎರಡು ತೊಳೆ ಕೊಟ್ರು." ಅವಳು ಬೆರಳು ಮೂಸಿ ನೋಡಿಕೊಂಡಳು. "ತಿಂದೂ ಬಿಟ್ಟೆ. ಟವೆಲ್ ಮಡಚಿ ತಂದೂ ಬಿಟ್ಟೆ. ಅದು ತನ್ನದು ಅಂತ ಒಂದು ಮಾತೂ ಆಡಲಿಲ್ಲ ಪುಣ್ಯಾತ್ಮ."

ಜನರ ನಡುವೆ ಗಡಿಯಾರ ಹುಡುಕಿದೆವು. ಎಲ್ಲೂ ಕಾಣಲಿಲ್ಲ.

"ನನಗೆ ಅಂತ ಇಟ್ಟಿದ್ದು ಏನಾಯ್ತು?" ಎಂದಳು ತಂಗಿ.

ಹೇಳಿದೆ. ನರ್ಸು, ನಿದ್ದೆ, ಎಲ್ಲ. ಹೇಳಿ ಕಾದೆ. ಅವಳು ಗಡಿಯಾರದವನ ಟವೆಲ್ಲನ್ನು ಬಿಚ್ಚಿ ಮಡಚಿ, ಮತ್ತೆ ಬಿಚ್ಚಿ ಮಡಚಿದಳು.

"ನಿದ್ದೆ ಮಾಡಿದ್ಳಾ?"

"ಮಾಡಿದ್ಳು."

"ಸರಿ. ನಡಿ, ಡಾಕ್ಟರು ಕಾಯ್ತಿರ್ತಾರೆ."

ಅವನು ಹುಡುಕಿಕೊಂಡು ಬಂದರೆ ಸಿಗಲೆಂದು ಟವೆಲ್ಲನ್ನು ಬೆಂಚಿನ ತುದಿಯಲ್ಲಿ ಹಾಸಿದಳು. ಹತ್ತು ಹೆಜ್ಜೆ ನಡೆದು, ಯಾರಾದರೂ ಎತ್ತಿಕೊಂಡು ಹೋದರೆ ಎಂದು ವಾಪಸು ಬಂದು ತೆಗೆದುಕೊಂಡಳು. ಮತ್ತೆ, ನಮ್ಮ ಹತ್ತಿರವಿದ್ದರೆ ಅವನಿಗೆ ಸಿಗುವುದಾದರೂ ಹೇಗೆ ಎಂದು ಹಾಸಿದಳು.

ಡಾಕ್ಟರು ಕಾಲು ಒತ್ತಿ, ಮಡಚಿಸಿ, ಚೆನ್ನಾಗಿ ಕೂಡಿಕೊಳ್ಳುತ್ತಿದೆ ಎಂದರು. "ರೈಲಲ್ಲಿ ನಿಲ್ಲಲಿಲ್ಲ ತಾನೇ?" ಎಂದು ಕೇಳಿದಾಗ ತಂಗಿ, "ಇಲ್ಲ, ಬೇರೆಯವರು ನಿಂತರು," ಎಂದಳು. ಅವರಿಗೆ ಅರ್ಥವಾಗಲಿಲ್ಲ.

ಮೂರು ಗಂಟೆಯ ರೈಲಿಗೆ ಬಂದಾಗ ಪ್ಲಾಟ್‌ಫಾರ್ಮ್ ಕಿಕ್ಕಿರಿದಿತ್ತು. ಚೀಲದ ಮೇಲೆ, ನೆಲದ ಮೇಲೆ, ಕಂಬಕ್ಕೊರಗಿ ಜನ. ಬೆಂಚಿನ ಮೇಲೆ ನಾಲ್ವರ ಜಾಗದಲ್ಲಿ ಮೂವರು. ನಾಲ್ಕನೆಯದರಲ್ಲಿ ಬೆಳಿಗ್ಗೆ ಹಾಸಿದ ಹಾಗೆಯೇ ಟವೆಲ್. ತಂಗಿ ಅದರ ಕಡೆ ಕೋಲು ಊರಿದ ಕೂಡಲೇ ಪಕ್ಕದ ಹೆಂಗಸು ಕೈ ಅಡ್ಡ ಹಿಡಿದಳು.

"ಅಲ್ಲಿ ಯಾರೋ ಬರ್ತಾರಮ್ಮ. ಟವೆಲ್ ಹಾಕಿದ್ದಾರೆ ನೋಡಿ."

"ಯಾರು?"

"ಗೊತ್ತಿಲ್ಲ. ನಾವು ಬಂದಾಗಿಂದ ಇದೆ. ನಮಗಿಂತ ಮುಂಚೆ ಇದ್ದವರು ಹೇಳಿ ಹೋದ್ರು, ಯಾರಿಗೂ ಬಿಡ್ಬೇಡಿ ಅಂತ."

ತಂಗಿ ನನ್ನ ಮುಖ ನೋಡಿದಳು. ಅದು ತನ್ನದೆಂದರೆ ಸುಳ್ಳು, ತನ್ನದಲ್ಲವೆಂದರೆ ಅದೂ ಪೂರ್ತಿ ನಿಜವಲ್ಲ. ಅಷ್ಟರಲ್ಲಿ ಆ ಹೆಂಗಸು ಊರುಗೋಲು ಗಮನಿಸಿ, "ಅಯ್ಯೋ, ಕಾಲು ನೋವಾ? ಬನ್ನಿ ಬನ್ನಿ," ಎನ್ನುತ್ತ ಆ ಕಡೆಯ ಇಬ್ಬರನ್ನೂ ಒತ್ತಿ ಸರಿಸಿ, ತನ್ನ ಪಕ್ಕದಲ್ಲೇ ಒಂದು ಗೇಣು ಜಾಗ ಮಾಡಿಕೊಟ್ಟಳು.

ತಂಗಿ ಆ ಒಂದು ಗೇಣಿನಲ್ಲಿ ಕಾಲು ಚಾಚಿ ಕೂತಳು. ಟವೆಲ್ಲಿನ ಒಂದು ಮೂಲೆ ಗಾಳಿಗೆ ಮಡಚಿಕೊಂಡಿತ್ತು. ಅದನ್ನು ಬಿಡಿಸಿ, ಕೈಯಿಂದ ಸವರಿದಳು.