ಕೋಟಿನ ತುದಿ

ಮಾರ್ಚ್ ತಿಂಗಳ ಮೊದಲ ಮಂಗಳವಾರ ಅಮೆರಿಕದ ವರ್ಮಾಂಟ್ ರಾಜ್ಯದ ಆ ಊರಿನವರು ಕೆಸರು ಮೆತ್ತಿದ ಬೂಟುಗಳಲ್ಲೇ ಊರ ಸಭೆಗೆ ಬಂದು, ಮಡಚು ಕುರ್ಚಿಗಳ ಮೇಲೆ ಕೂತು, ಊರಿನ ಹಣೆಬರಹ ಬರೆಯುತ್ತಾರೆ. ಗುಟ್ಟಾಗಿ ಮತ ಹಾಕುವ ಚೀಟಿಯಿಲ್ಲ, ಎದ್ದು ನಿಲ್ಲಬೇಕು. ಯಾರು ಯಾವ ಕಡೆ ಎದ್ದರೆಂಬುದು ನೆರೆಯವರಿಗೆ ಸಾಯುವ ತನಕ ನೆನಪಿರುತ್ತದೆ.

ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ಸೊಂಟ ಕಳೆದುಕೊಂಡ ಮೆರಿಲ್ ಟಟಲ್‌ಗೆ ಈಗ ಎಪ್ಪತ್ತಾರು. ಈ ಸಭೆಗಳು ಅವನಿಗೆ ಸಾಕುಸಾಕಾಗಿದ್ದವು. ಮೊಮ್ಮಗಳು ಬ್ರಿನ್ ಕರೆದಳೆಂದು ಬಂದಿದ್ದ, ಅಷ್ಟೆ.

ಹನ್ನೊಂದೇ ಮಕ್ಕಳಿರುವ ಊರ ಶಾಲೆಯನ್ನು ಮುಚ್ಚಿ, ಅವರನ್ನು ಪಕ್ಕದೂರಿನ ಶಾಲೆಗೆ ಕಳಿಸಬೇಕೇ ಎಂಬುದು ಅಂದಿನ ಪ್ರಶ್ನೆ. ಮುಚ್ಚಬಾರದೆಂದು ಹದಿನಾಲ್ಕು ಜನ ಮಾತಾಡಿದರು. ಇಬ್ಬರು ಅತ್ತರು. ಆಮೇಲೆ ಬ್ರಿನ್ ಎದ್ದಳು.

"ನಾನೂ ಇದೇ ಶಾಲೇಲಿ ಓದಿದ್ದು. ಆರು ವರ್ಷ ನನ್ನ ಕ್ಲಾಸಲ್ಲಿ ಇದ್ದಿದ್ದು ನಾನೊಬ್ಳೇ. ಗಂಟೆ ಬಾರಿಸೋದು ಕೇಳ್ತಿದ್ರೆ ನಿಮಗೆಲ್ಲ ಖುಷಿ. ಒಳಗೆ ಒಂಟಿಯಾಗಿ ಕೂತಿರೋ ಮಗೂನ ಯಾರಾದ್ರೂ ಮಾತಾಡಿಸಿದ್ದೀರಾ? ಮುಚ್ಚಿಬಿಡಿ."

"ಉಂಡ ಮನೆಗೇ ಎರಡು ಬಗೀತಾಳೆ," ಅಂದಿತು ಹಿಂದಿನ ಸಾಲು.

"ಟಟಲ್ ಮನೆತನ ಅಲ್ವಾ, ರಕ್ತದಲ್ಲೇ ಬಂದಿದೆ ಬಿಡಿ," ಅಂದಿತು ಇನ್ನೊಂದು ದನಿ.

ಮೆರಿಲ್‌ನ ಕೈ ಅವಳ ಕೋಟಿನ ತುದಿ ಹಿಡಿದು ಎಳೆಯುತ್ತಿತ್ತು. ಅದು ಯಾವಾಗ ಅಲ್ಲಿಗೆ ಹೋಯಿತೋ ಅವನಿಗೇ ಗೊತ್ತಿಲ್ಲ.

ಐವತ್ತೈದು ವರ್ಷದ ಹಿಂದೆ, ಇದೇ ಸಭೆಯಲ್ಲಿ, ವಿಯೆಟ್ನಾಂ ಯುದ್ಧ ತಪ್ಪೆಂದು ಅವನೊಬ್ಬನೇ ಎದ್ದು ಹೇಳಿದಾಗ ಅಪ್ಪ ಅವನ ಕೋಟನ್ನು ಹೀಗೇ ಎಳೆದಿದ್ದ. ಮತ ಎಣಿಸಲು ಎದ್ದು ನಿಲ್ಲಿ ಎಂದಾಗ ಅಪ್ಪ ಏಳಲಿಲ್ಲ. ಸಂಜೆ ಕೊಟ್ಟಿಗೆಯಲ್ಲಿ, ಮುಖ ತಿರುಗಿಸದೆ, "ನೀನು ಹೇಳಿದ್ದು ಸರಿ ಕಣೋ," ಅಂದ. "ಅದನ್ನ ಹಸುಗಳ ಮುಂದೆ ಹೇಳ್ತೀಯಲ್ಲ!" ಎಂದು ಮೆರಿಲ್ ಹಾಲಿನ ಬಕೆಟ್ಟು ಒದ್ದು ಹೋಗಿದ್ದ. ಆಮೇಲೆ ಅಪ್ಪ ಸಾಯುವ ತನಕ ಅವರಿಬ್ಬರ ನಡುವೆ ನೆಟ್ಟಗೆ ಮಾತಿರಲಿಲ್ಲ.

"ಮುಚ್ಚಬೇಕು ಅನ್ನೋರು ಎದ್ದು ನಿಂತ್ಕೊಳ್ಳಿ," ಅಂದ ಸಭಾಧ್ಯಕ್ಷ ಲೈಲ್.

ಬ್ರಿನ್ ನಿಂತೇ ಇದ್ದಳು, ಒಬ್ಬಳೇ. ಅವಳು ಹೇಳಿದ್ದು ನಿಜವೆಂದು ಆ ಸಭೆಯಲ್ಲಿ ಮೆರಿಲ್‌ಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆರು ವರ್ಷ ಅವಳು ಕೊನೆಯ ಸೀಟಿನಲ್ಲಿ ಕೂತು ಕಿಟಕಿಯ ಜೊತೆ ಮಾತಾಡುವುದನ್ನು ಬಸ್ಸಿನ ಕನ್ನಡಿಯಲ್ಲಿ ಕಂಡವನು ಅವನು. ಏಳಬೇಕಿತ್ತು. ನಾಳೆ ಬೆಳಿಗ್ಗೆ ಕಾಫಿಯಂಗಡಿಯಲ್ಲಿ ಗೆಳೆಯರು ಕುರ್ಚಿ ತಿರುಗಿಸಿ ಕೂರುವುದು ಕಣ್ಣಿಗೆ ಕಟ್ಟಿತು. ಒಮ್ಮೆ ಎದ್ದು ನಿಂತವನಿಗೆ ಅದರ ಬೆಲೆ ಗೊತ್ತಿರುತ್ತದೆ. ಸೊಂಟ ನೋವು ಎಂದು ತನಗೆ ತಾನೇ ಹೇಳಿಕೊಂಡ. ಅದು ಶುದ್ಧ ಸುಳ್ಳು.

"ಒಂದು," ಎಂದು ಲೈಲ್ ಬರೆದುಕೊಂಡ.

ಮಧ್ಯಾಹ್ನ ಸಭೆಯ ಕಟ್ಟಡದ ನೆಲಮಾಳಿಗೆಯಲ್ಲೇ ಊರೂಟ. ಬ್ರಿನ್ ಕೂತ ಮೇಜಿಗೆ ಯಾರೂ ಬರಲಿಲ್ಲ. ಮೆರಿಲ್ ಸೇಬಿನ ಪೈ ತುಂಬಿದ ತಟ್ಟೆ ಹಿಡಿದು ಎದುರಿಗೆ ಕೂತ. ಅತ್ತಿತ್ತ ನೋಡಿ, ದನಿ ತಗ್ಗಿಸಿ, "ನೀನು ಹೇಳಿದ್ದು ಸರಿ ಕಣಮ್ಮ," ಅಂದ.

ಅಂದ ಮೇಲೆ ಮೈ ಬಿಗಿಹಿಡಿದು ಕಾದ. ಅವಳು ಬೈಯಲಿಲ್ಲ, ತಟ್ಟೆ ತಳ್ಳಲಿಲ್ಲ.

"ಗೊತ್ತು ತಾತ," ಅಂದಳು. "ನೀನು ಏಳಲ್ಲ ಅಂತಾನೂ ಗೊತ್ತಿತ್ತು. ತಿನ್ನು, ಆರಿಹೋಗುತ್ತೆ."

ಇದಕ್ಕಿಂತ ಅವಳು ಏನಾದರೂ ಒದ್ದು ಹೋಗಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ.